ಒಂಬತ್ತು ಗ್ರಾಮು

ಅತ್ತೆ ಜೂರಾಕಾನ್‌ಗೆ ಗಡಿಯಾರ ಬೇಡ, ತಕ್ಕಡಿ ಬೇಡ.
ಹಂಡೆಯ ಮೇಲೆ ಬಗ್ಗಿ ಸೌಟೆತ್ತಿ
ತೊಟ್ಟು ಬೀಳುವ ಸದ್ದಿಗೆ ಕಿವಿಗೊಡುತ್ತಾಳೆ.
‘ನೀರು ಇನ್ನೂ ಮಾತಾಡ್ತಿದೆ’ ಅಂದರೆ ಕಾಯಬೇಕು.
‘ಕೊಬ್ಬು ಅದರ ಬಾಯಿ ಮುಚ್ಚಿಸ್ತು’ ಅಂದರೆ ಇಳಿಸಬೇಕು.
ನೋಟ್‌ಬುಕ್ಕು ಹಿಡಿದು ನಿಂತ ನಾನು
ಇದನ್ನು ಎಷ್ಟು ನಿಮಿಷ ಎಂದು ಬರೆದುಕೊಳ್ಳಲಿ?

ನಾರಿನ್ ಪಟ್ಟಣದಾಚೆಯ ಉಪ್ಪುನೆಲದಲ್ಲಿ
ಹಸಿದ ಕುರಿಯೂ ಮೂಸಿ ಬಿಡುವ ಕಳೆ.
ಹಿಮ ಬೀಳುವ ಮೊದಲು ಕೊಯ್ದು, ಸುಟ್ಟು,
ಬೂದಿಯ ನೀರನ್ನು ಬಟ್ಟೆಯಲ್ಲಿ ಸೋಸಿ,
ಕುರಿಬಾಲದ ಕೊಬ್ಬು ಸೇರಿಸಿ
ಹಗಲೆಲ್ಲ ತಿರುವಿದರೆ
ಕಪ್ಪು ಸೋಪು, ಅಂಗೈಯಗಲ.

ಇಷ್ಟು ವರ್ಷ ಅದು ಹಾಗೇ ಹೋಗುತ್ತಿತ್ತು.
ನಲವತ್ತು ದಿನದ ಕೂಸಿನ ಮೊದಲ ದೊಡ್ಡ ಸ್ನಾನಕ್ಕೆ,
ಹೆಣ ತೊಳೆಯುವ ಮನೆಗೆ ಹಿಂಬಾಗಿಲಿಂದ.
ದುಡ್ಡು ಯಾರೂ ಕೊಡಲಿಲ್ಲ, ಇವಳೂ ಕೇಳಲಿಲ್ಲ.
ಯಾರದೋ ಮನೆಯಿಂದ ಒಣಮೊಸರಿನ ಉಂಡೆ,
ಯಾರಿಂದಲೋ ಕುದುರೆಗೊಂದು ಹಗ್ಗ.

ನಾನಿದ್ದ ಉಳಿತಾಯ ಬ್ಯಾಂಕಿನ ಶಾಖೆ ಮುಚ್ಚಿದ ದಿನ
ನನ್ನ ಜೊತೆ ಕ್ಯಾಲ್ಕುಲೇಟರೂ ಮನೆಗೆ ಬಂತು.
ಹಾಲಿನ ಡಬ್ಬಿ ಸೀಳಿ ಅಚ್ಚು ಮಾಡಿದೆ.
ಫೋಟೋ ಸ್ಟುಡಿಯೋದ ಕೂಬಾತ್ ಲೇಬಲ್ ಮುದ್ರಿಸಿದ,
‘ನೈಸರ್ಗಿಕ’ದಲ್ಲಿ ಒಂದು ಅಕ್ಷರ ನುಂಗಿ.

ಬಿಷ್ಕೆಕ್‌ಗೆ ಹೋದ ಮೂರು ಪೆಟ್ಟಿಗೆ
ಅದೇ ಮಿನಿಬಸ್ಸಿನಲ್ಲಿ ವಾಪಸ್ಸು.
ಚೀಟಿಯಲ್ಲಿ ಎರಡೇ ಪದ: ಕುರಿ ವಾಸನೆ.
ಅತ್ತೆಗೆ ಅರ್ಥವಾಗಲಿಲ್ಲ. ‘ಮತ್ತೇನು, ಮೀನಿಂದು ಬರಬೇಕಿತ್ತಾ?’
ಜೂನಿಪರ್ ಎಣ್ಣೆ ಹನಿಸಿದೆ.
ಮೂಸಿ ನೋಡಿ ಅಂದಳು:
‘ಯಾರ ಮದುವೆಗೆ ಹೊರಟಿದೆ ಇದು?’

ರಾತ್ರಿ ಲೆಕ್ಕಕ್ಕೆ ಕೂತೆ.
ಕೊಬ್ಬು, ಎಣ್ಣೆ, ಕಾಗದ, ಬಸ್ಸಿನವನಿಗೆ.
ಬೂದಿ: ಸೊನ್ನೆ.
ಅತ್ತೆಯ ಒಂದು ದಿನ:
‘ಬೆಲೆ ಕಟ್ಟಿದರೆ ನಿನ್ನ ಕೈಲಿ ಕೊಳ್ಳೋಕಾಗುತ್ತಾ?’ ನಕ್ಕಳು.
ಆ ಸಾಲು ಖಾಲಿ ಬಿಟ್ಟೆ.
ಕೆಳಗೆ ಲಾಭ ಎಂದು ಬರೆದದ್ದು ಎಷ್ಟಿತ್ತೋ
ಅಷ್ಟೂ ಆ ಖಾಲಿಯಿಂದಲೇ ಇಳಿದು ಬಂದದ್ದು.
ಗೊತ್ತಿತ್ತು. ಆದರೂ ಕೆಂಪು ಶಾಯಿಯಲ್ಲಿ
ಎರಡು ಗೆರೆ ಎಳೆದು ಮಲಗಿದೆ.

ವಸಂತದ ಸಂತೆಗೆ ತೂಕದ ಇಲಾಖೆಯವನು ಬಂದ.
ಲೇಬಲ್ಲಿನಲ್ಲಿ ನೂರು ಗ್ರಾಮು,
ಅವನ ತಟ್ಟೆಯಲ್ಲಿ ತೊಂಬತ್ತೊಂದು.
ಇನ್ನೊಂದಿಟ್ಟ. ತೊಂಬತ್ತೊಂದು.
‘ಒಂಬತ್ತು ಗ್ರಾಮು ಎಲ್ಲಿ?’ ಎಂದು ನನ್ನ ನೋಡಿದ,
ಹತ್ತು ವರ್ಷ ಪೈಸೆ ತಪ್ಪದೆ ಎಣಿಸಿದವಳನ್ನು.
ಕಿವಿ ಬಿಸಿಯಾಯಿತು.

ಅತ್ತೆ ಮುಂದೆ ಬಂದಳು.
‘ನೀರಪ್ಪಾ. ಹೋಯ್ತು. ಹೋಗಬೇಕು.
ಆರು ವಾರ ಗಾಳಿಗಿಟ್ಟಿದ್ದು ಅದಕ್ಕೇ ತಾನೇ?
ಹೋಗದೇ ಇದ್ದಿದ್ದರೆ ಅದು ಸೋಪಲ್ಲ, ಸುಣ್ಣ;
ಹಚ್ಚಿಕೋ, ಚರ್ಮ ಹೇಳುತ್ತೆ.’
ದಂಡದ ರಸೀದಿ ಹರಿದು ಕೊಟ್ಟ.
ಒಂದು ಸೋಪನ್ನೂ ಕೊಂಡ, ಪೂರಾ ಬೆಲೆಗೆ.

ಈಗ ಹಸಿಯಲ್ಲೇ ನೂರಹತ್ತಕ್ಕೆ ಕೊಯ್ಯುವುದೆಂದು
ಹಲಗೆಯ ಮೇಲೆ ಸೂಜಿಯಿಂದ ಗೆರೆ ಕೊರೆದಿದ್ದೇನೆ.
ಅವಳ ಚಾಕು ಗೆರೆಯ ಆಚೆಗೇ ಇಳಿಯುತ್ತದೆ.
ನೂರಹದಿನೆಂಟು. ನೂರಿಪ್ಪತ್ತು.
‘ಅಮ್ಮಾ, ಇನ್ನೂರು ಬಿಲ್ಲೆಗೆ ಎಷ್ಟು ಹೋಗುತ್ತೆ ಗೊತ್ತಾ?’
‘ಅಳತೆ ಅವನದು, ಕೊಸರು ನಂದು.’

ನಿನ್ನೆ ರಾತ್ರಿ ಅವಳು ಮಲಗಿದ ಮೇಲೆ
ಹಳೆಯ ಗೆರೆಗೆ ಮೇಣ ತುಂಬಿ
ಹೊಸ ಗೆರೆಯನ್ನು ಒಂದು ಕೂದಲೆಳೆ ಒಳಗೆ ಕೊರೆದೆ.

ಬೆಳಿಗ್ಗೆ ಹಲಗೆಯ ಮೇಲೆ ಬೆರಳಾಡಿಸಿದಳು.
ನನ್ನತ್ತ ತಿರುಗಲಿಲ್ಲ.
ಚಾಕು ಒರೆಸಿ, ಇಟ್ಟು,
ಒಂದು ಕೂದಲೆಳೆ ಹೊರಗೆ ಕೊಯ್ದಳು.