ಸುಳ್ಳು ದನ

ಒಂದೂವರೆ ಮೀಟರ್ ಬಿಳಿ ಫ್ಲಾನಲ್ಲು.
ಮಗು ಹುಟ್ಟಿತಾ ಎಂದು ಕೇಳಿ
ಅರ್ಧ ಗೇಣು ಹೆಚ್ಚೇ ಹರಿದುಕೊಟ್ಟ ಚಿಕ್ಕಪೇಟೆಯ ಅಂಗಡಿಯವ.
ಇಲ್ಲ, ಉಣ್ಣೆಗೆ, ಎಂದೆ.
ಉಣ್ಣೆ ಆಚೆ ಸಾಲಲ್ಲಿ ಮೇಡಂ, ಇದು ಹತ್ತಿ.

ಯಲಹಂಕದ ಬಾಬಾಜಾನ್
ಕೋಲು ತೂರುವಷ್ಟು ಅಂಚು ಮಡಚಿ ಹೊಲಿದ,
ಲಂಗಕ್ಕೆ ಲಾಡಿ ಪಟ್ಟಿ ಹೊಲಿದಂತೆ.
ಕೋಲು ಮನೆಯ ಮಾಪಿನದು, ತಲೆ ಕಿತ್ತದ್ದು.
ಕೆಳಗೆ ಭಾರ ಬೇಕು, ಇಲ್ಲದಿದ್ದರೆ ಗಾಳಿಗೆ ಏಳುತ್ತದೆ:
ಪೀಣ್ಯದ ಲೇತ್ ಶೆಡ್ಡಿನಿಂದ ತಮ್ಮ ತಂದ ಏಳು ನಟ್ಟು,
ಎಂಟನೆಯದರ ಜಾಗಕ್ಕೆ
ಯಾವ ಬಾಗಿಲಿನದೋ ಯಾರಿಗೂ ನೆನಪಿಲ್ಲದ ಬೀಗದಕೈ.

ಹೆಸರಘಟ್ಟದ ಹುಲ್ಲುಗಾವಲು. ಇಬ್ಬನಿ ಆರುವ ತನಕ ಕೂತೆ,
ನೆಂದ ಬಟ್ಟೆಗೆ ಅವು ಹತ್ತುವುದಿಲ್ಲ.
ಪ್ಯಾಂಟಿನ ತುದಿ ಕಾಲುಚೀಲಕ್ಕೆ ತುರುಕಿ
ಹಗ್ಗ ಹಿಡಿದು ಹತ್ತು ಹೆಜ್ಜೆ.
ನಿಲ್ಲು. ಮಗುಚು. ನೋಡು.
ಏನಿಲ್ಲ.
ಮತ್ತೆ ಹತ್ತು. ಹುಲ್ಲಿನ ಬೀಜ, ಒಂದು ಜೇಡ,
ಯಾರದೋ ಮದುವೆ ಮುಂಚಿನ ಫೋಟೋ ಷೂಟಿನಿಂದ ಉದುರಿದ ಮಿನುಗು.

ಮುನಿಶಾಮಣ್ಣನ ಹಸುಗಳು ಮೇವು ಬಿಟ್ಟು ನೋಡಿದವು.
ಏನಮ್ಮಾ, ಒಗ್ದಿದ್ ಬಟ್ಟೆ ಹಿಂಗಾ ಎಳ್ದಾಡೋದು?
ಹೇಳಿದೆ. ನಕ್ಕು, ಹಸುವಿನ ಕಿವಿ ಮಡಚಿ ತೋರಿಸಿದ:
ಒಂದು ಮೊರ ಕೊಡ್ತೀನಿ ಬಾ, ಬಟ್ಟೆ ಯಾಕೆ?
ಹೊಟ್ಟೆ ತುಂಬಿದವು ಬೇಡ ಕಣಣ್ಣ.
ಹಸಿದವು ಬೇಕು.

ಹಸಿದವು ಹುಲ್ಲಿನ ತುದಿ ಹತ್ತಿ
ಮುಂಗಾಲೆರಡನ್ನೂ ಗಾಳಿಗೆ ಚಾಚಿ ನಿಂತಿರುತ್ತವೆ,
ದಿನವಲ್ಲ, ತಿಂಗಳುಗಟ್ಟಲೆ.
ಹಾರಲು ಬಾರದು, ಜಿಗಿಯಲು ಬಾರದು,
ಎಷ್ಟೋ ಜಾತಿಗೆ ಕಣ್ಣೇ ಇಲ್ಲ.
ಹಾದುಹೋಗುವ ಯಾವುದಾದರೂ ಮೈ
ತಾಗಿದರೆ ತಾಗಿತು.
ಅವುಗಳ ಮುಂದೆ ನಾನು ಎಳೆಯುವುದು
ರೋಮವಿಲ್ಲದ, ರಕ್ತವಿಲ್ಲದ
ಒಂದು ಸುಳ್ಳು ದನ.

ನಾಲ್ಕನೆಯ ಸಾಲಿನ ಕೊನೆಗೆ ಬಿಳಿಯ ಮೇಲೊಂದು ಎಳ್ಳು.
ಎಳ್ಳು ನಡೆಯಿತು.
ಚಿಮಟದಲ್ಲಿ ಎತ್ತಿ ಸ್ಪಿರಿಟ್ಟಿನ ಶೀಶೆಗೆ ಬಿಟ್ಟೆ.
ಎಂಟು ಕಾಲನ್ನೂ ಆಡಿಸಿತು, ಆಮೇಲೆ ಮಡಚಿಕೊಂಡಿತು.
ಚೀಟಿ ಪೆನ್ಸಿಲಿನಲ್ಲೇ ಬರೆಯಬೇಕು:
ತಾರೀಖು, ಜಾಗ, ಹೊತ್ತು.
ಶಾಯಿ ಸ್ಪಿರಿಟ್ಟಿನಲ್ಲಿ ನಿಲ್ಲುವುದಿಲ್ಲ.

ಮಧ್ಯಾಹ್ನಕ್ಕೆ ಹತ್ತೊಂಬತ್ತು.
ಯಾವುದು ಯಾವ ಜ್ವರ ಹೊತ್ತಿತ್ತೋ
ಹೆಬ್ಬಾಳದ ಲ್ಯಾಬಿನವರು ನೋಡಲಿ.
ಬಟ್ಟೆ ಚೀಲಕ್ಕೆ ತುಂಬಿ ಬಾಯಿ ಬಿಗಿದೆ.
ಬಸ್ಸಿನಲ್ಲಿ ನಟ್ಟುಗಳು ತೊಡೆಯ ಮೇಲೆ ಕಣಕಣ ಎಂದವು, ಪ್ರತಿ ಹಂಪಿಗೂ.

ರಾತ್ರಿ ಬಚ್ಚಲಲ್ಲಿ, ಮಂಡಿಯ ಹಿಂದೆ, ಇಪ್ಪತ್ತನೆಯದು.
ಕಾಲುಚೀಲ ದಾಟಿ, ಎಚ್ಚರ ದಾಟಿ,
ಬಟ್ಟೆಯನ್ನು ಒಲ್ಲದೆ ಬಂದದ್ದು.
ಹೆಮ್ಮೆಯಂಥದ್ದೇನೋ ಆಯಿತು, ಯಾಕೆ ಸುಳ್ಳು ಹೇಳಲಿ.
ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆದೆ. ತಿರುಚಬಾರದು.
ಹೊಸ ಶೀಶೆ, ಹೊಸ ಚೀಟಿ.
ಎಲ್ಲಿ ಸಿಕ್ಕಿತು ಎಂಬಲ್ಲಿ
ಪೆನ್ಸಿಲು ನಿಂತಿತು:
ಹುಲ್ಲು ಎಂದು ಬರೆಯಲೋ
ದನ ಎಂದೋ.