ಏಳನೇ ಕಾಲಂ

ಪಾಲಿಕೆಯ ಅರ್ಜಿಯಲ್ಲಿ ಏಳನೇ ಕಾಲಂ:
‘ಸಂಘದಿಂದ ಸಮಾಜಕ್ಕೆ ಆಗುವ ಪ್ರಯೋಜನ.’
ಬರೆಯಲು ಕೊಟ್ಟಿರುವುದು ಎರಡು ಗೆರೆ.

ಆರರವರೆಗೆ ಸಲೀಸಾಗಿ ತುಂಬಿದೆ.
ಹೆಸರು: ಕೇಸರೆ ಯಂಗ್ ಸ್ಟಾರ್ಸ್.
ವಿಳಾಸ: ನನ್ನ ಸೈಕಲ್ ಷಾಪು.
ಆಸ್ತಿ: ಚೆಂಡು ಮೂರು, ಅದರಲ್ಲೊಂದು
ಎಷ್ಟು ಊದಿದರೂ ಉಸಿರು ಹಿಡಿಯುವುದಿಲ್ಲ.
ಗೆದ್ದ ಕಪ್ಪು: ಒಂದು.
ಅದೂ ಎದುರು ತಂಡದ ವ್ಯಾನು ಕೆಟ್ಟು ನಿಂತ ವರ್ಷ.

ಏಳಕ್ಕೆ ಬಂದು ಪೆನ್ನು ನಿಂತಿದೆ.
ತೊಟ್ಟಿ ನೀರಿನಲ್ಲಿ ಟ್ಯೂಬು ಅದ್ದಿ
ಗುಳ್ಳೆ ಎಲ್ಲಿಂದ ಏಳುತ್ತದೋ ಎಂದು
ಕಾಯುವವನ ಹಾಗೆ ಕೂತಿದ್ದೇನೆ.

‘ಶಿಸ್ತು’ ಅಂತ ಬರೆಯಬಹುದು.
ನಮ್ಮ ಗೋಲಿ ಅಂತೋಣಿ ಹಾಫ್‌ಟೈಮಿನಲ್ಲಿ
ಕಂಬದ ಹಿಂದೆ ಬೀಡಿ ಹಚ್ಚುತ್ತಾನೆ.
‘ಐಕ್ಯತೆ’ ಅನ್ನಬಹುದು.
ಹೋದ ತಿಂಗಳು ಪೆನಾಲ್ಟಿ ಯಾರು ಹೊಡೆಯಬೇಕೆಂದು
ಅಲ್ತಾಫನೂ ಪುಟ್ಟಮಾದನೂ ಕಾಲರು ಹಿಡಿದುಕೊಂಡಾಗ
ಎದುರಾಳಿಗಳೇ ಬಂದು ಬಿಡಿಸಿದರು.

ನಿಜ ಹೇಳಬೇಕೆಂದರೆ ನಾನು ಮಾಡುವುದಿಷ್ಟೇ:
ಭಾನುವಾರ, ಬೆಟ್ಟದ ದೀಪ ಇನ್ನೂ ಆರಿರದ ಹೊತ್ತು,
ಸುಣ್ಣದ ಗೆರೆಯ ಆಚೆ ನಿಂತು ತಲೆ ಎಣಿಸುತ್ತೇನೆ.
ಊದುಬತ್ತಿ ಹೊಸೆದು ಅಂಗೈ ಕಪ್ಪಾದವನು ಒಂದು.
ರೇಷ್ಮೆ ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ
ಆಕಳಿಸುತ್ತಲೇ ಬಂದವನು ಎರಡು.
ಅಣ್ಣತಮ್ಮ ಇಬ್ಬರಿಗೆ ಸೇರಿ ಒಂದೇ ಜೊತೆ ಶೂಸು:
ಬಲಗಾಲಿನದು ಅಣ್ಣನಿಗೆ, ಎಡಗಾಲಿನದು ತಮ್ಮನಿಗೆ.
ಮೂರು, ನಾಲ್ಕು...
ಹನ್ನೊಂದು ಮುಟ್ಟಿದರೆ ಸೀಟಿ ಊದುತ್ತೇನೆ.

ಆವತ್ತು ಎಣಿಕೆ ಹತ್ತಕ್ಕೆ ನಿಂತಿತು.
ಇನ್ನೊಂದು ಸಲ ಎಣಿಸಿದೆ.
ಹತ್ತೇ.
‘ದೊರೆ ಬಂದಿಲ್ಲ’ ಎಂದ ಯಾರೋ.
ದೊರೆಸ್ವಾಮಿ, ಲೆಫ್ಟ್ ಬ್ಯಾಕು.
ಶುಕ್ರವಾರ ರಿಸಲ್ಟು ಬಂದಿತ್ತು,
ಮೂರನೇ ಸಲ, ಅದೇ ಲೆಕ್ಕದಲ್ಲಿ.

ಸ್ಲಂ ಬೋರ್ಡಿನ ಮನೆ, ಮೂರನೇ ಮಹಡಿ.
ಸಿಮೆಂಟು ಮೆಟ್ಟಿಲ ಮೇಲೆ ಹತ್ತು ಜನರ ಸ್ಟಡ್ಡು
ಆಲಿಕಲ್ಲು ಬಿದ್ದ ಹಾಗೆ ಸದ್ದು ಮಾಡಿ
ಕೆಳಗಿನ ಮನೆಯವರು ಪೊಲೀಸರೆಂದು ಚಿಲಕ ಹಾಕಿಕೊಂಡರು.
ಅವರಮ್ಮ ಮಾತಾಡಲಿಲ್ಲ,
ಒಳಕೋಣೆಯ ಬಾಗಿಲು ತೋರಿಸಿ
ಎರಡು ಬೆರಳೆತ್ತಿದರು. ಎರಡು ದಿನ.

ಬುದ್ಧಿಮಾತು ನಮ್ಮ ಹತ್ತಿರ ಯಾರಲ್ಲೂ ಇರಲಿಲ್ಲ.
ಪುಟ್ಟಮಾದ ಬಾಗಿಲಿಗೆ ಬಾಯಿ ಹಚ್ಚಿ ಅಂದ:
‘ಲೇ ದೊರೆ, ಎಡಗಡೆ ಖಾಲಿ ಹೊಡೀತಾ ಅದೆ ಕಲಾ.
ಎಂಟಕ್ಕೆ ಮ್ಯಾಚು.’
ಸದ್ದಿಲ್ಲ.
‘ನೀನು ಬರ್ದಿದ್ರೆ ನನ್ನ ಬ್ಯಾಕಿಗಾಕ್ತಾರೆ,
ನನ್ ಕೈಲಿ ಆಗಲ್ಲ’ ಎಂದ ಅಲ್ತಾಫ,
ಜೀವಮಾನದಲ್ಲಿ ಮೊದಲ ಸಲ ಸೋಲೊಪ್ಪಿಕೊಂಡು.
ಅಂತೋಣಿ ಏನೂ ಹೇಳಲಿಲ್ಲ.
ಚೆಂಡು ನೆಲಕ್ಕಿಟ್ಟು
ಬಾಗಿಲಿಗೆ ಮೆಲ್ಲಗೆ ಒದ್ದ.
ತಿರುಗಿ ಬಂತು. ಒದ್ದ.
ತಿರುಗಿ ಬಂತು.
ಎಷ್ಟು ಹೊತ್ತೋ, ಆ ಒಂದು ಸಲ
ನಾನು ಎಣಿಸಲಿಲ್ಲ.

ಚಿಲಕ ತೆಗೆದ ಮೇಲೆ ಒಳಗೆ ಕಂಡದ್ದನ್ನು
ಅರ್ಜಿಯಲ್ಲಿ ಬರೆಯುವುದಿಲ್ಲ.
ಅವರಮ್ಮನಿಗೂ ಹೇಳಿಲ್ಲ.
ಅಲ್ಲಿಂದ ನಾನು ಸುತ್ತಿಕೊಂಡು ತಂದ ನೈಲಾನು ಹಗ್ಗ
ಈಗ ಗೋಲಿನ ಬಲೆಯನ್ನು
ಬಲಗಡೆ ಕಂಬಕ್ಕೆ ಬಿಗಿದಿದೆ. ಗಟ್ಟಿ ಹಗ್ಗ.

ಆವತ್ತು ನಾಲ್ಕು ಸೊನ್ನೆಯಲ್ಲಿ ಸೋತೆವು.
ಎರಡು ಗೋಲು ದೊರೆಯ ಕಡೆಯಿಂದಲೇ,
ಎರಡು ದಿನ ಉಣ್ಣದವನ ಕಾಲು ಎಷ್ಟು ಓಡೀತು?
ಎಲ್ಲರೂ ಅವನಿಗೆ ಬೈದರು,
ಯಾವತ್ತಿನ ಹಾಗೆ, ಒಂದು ಬೈಗುಳವೂ ಕಡಿಮೆಯಿಲ್ಲದೆ.
ಆಮೇಲೆ ಗಾಡಿ ಹತ್ತಿರ ಇಡ್ಲಿ ತಿನ್ನುವಾಗ
ಅವನ ತಟ್ಟೆಗೆ ಯಾರು ಯಾರು ಎಷ್ಟು ಜಾರಿಸಿದರೋ,
ಗಾಡಿಯವಳಿಗೆ ಲೆಕ್ಕ ಹತ್ತಲಿಲ್ಲ.
ಹತ್ತು ಜನ ಸೋಲುವುದೇ ಬೇರೆ.
ನಾವು ಹನ್ನೊಂದು ಜನ ಸೋತೆವು.

ಏಳನೇ ಕಾಲಂನಲ್ಲಿ ಕೊನೆಗೆ ಬರೆದೆ:
‘ಭಾನುವಾರ ತಲೆ ಎಣಿಸುತ್ತೇವೆ.’
ಗುಮಾಸ್ತರು ಕನ್ನಡಕ ತೆಗೆದು ನೋಡಿಯಾರು,
ಇದೆಂಥ ಪ್ರಯೋಜನ ಎಂದಾರು.
ಒಂದು ಗೆರೆ ಇನ್ನೂ ಖಾಲಿಯಿದೆ, ಇರಲಿ.

ಎಂಟನೇ ಕಾಲಂ ಸುಲಭ.
‘ಕೋರುವ ನೆರವು’:
ಶೂಸು, ಇನ್ನೊಂದು ಜೊತೆ.