ಇಪ್ಪತ್ತೊಂದು ಮೂಟೆ, ಒಂದು ಹಿಡಿ

ಏರಿಲ್ಲ, ಇಳಿತವಿಲ್ಲ, ಅಂಗೈಯಂಥ ದಾರಿ,
ಹೆದರಬೇಡ ನೀವೆಸ್, ಎಂದಿದ್ದಳು ಒಂದೀನಾ.
ಏರಿಲ್ಲದ ದಾರಿಯಲ್ಲಿ ಬೈಯಲೂ ಏನೂ ಸಿಗದೆಂದು
ಮೊದಲ ಕಿಲೋಮೀಟರಿಗೇ ತಿಳಿಯಿತು.

ಒಂದು ಕಡೆ ತ್ರಿಯೆಸ್ತೆಯ ಕಡಲು, ಸೀಸದ ಬಣ್ಣ.
ಇನ್ನೊಂದು ಕಡೆ ಗೋಡೆ, ಅದರ ತಲೆಯ ಮೇಲಿಂದ
ಕಾರ್ಸೊ ಬೆಟ್ಟ ಇಳಿದು ಬರುವ ಬೋರಾ,
ಜನವರಿಯ ಗಾಳಿ, ಬಾಗಿಲು ತಟ್ಟಿ ಬರುವ ಜಾತಿಯಲ್ಲ.
ಅಜ್ಜಿಯ ಕಾಲದಲ್ಲಿ ಬೀದಿಯ ತಿರುವಿಗೆ ಹಗ್ಗ ಕಟ್ಟುತ್ತಿದ್ದರು
ಹಿಡಿದು ನಡೆಯಲು.
ನಮಗೆ ಹಗ್ಗವಿಲ್ಲ. ಎದೆಗೆ ನಾಲ್ಕು ಪಿನ್ನು, ಒಂದು ನಂಬರು.

ಮೂವತ್ತೆರಡು ವರ್ಷ ಬಂದರಿನಲ್ಲಿ ಕಾಫಿ ಮೂಟೆ ಎಣಿಸಿದವಳು,
ಎಣಿಸದೆ ಓಡಲು ಬಾರದು.
ಒಂದು, ಸಾಂತೋಸಿನದು. ಎರಡು, ಹರಾರಿನದು.
ಮೂರನೆಯದರ ಸೆಣಬು ಒದ್ದೆ, ಪಕ್ಕಕ್ಕಿಡಿ.
ನಾಲ್ಕರಲ್ಲಿ ದುಯೀಲಿಯೊ ನನ್ನನ್ನು ದಾಟಿದ,
ಎಪ್ಪತ್ತರ ಮುದುಕ, ಚಡ್ಡಿಯಲ್ಲಿ, ಮೊಣಕಾಲು ಬೀಟ್‌ರೂಟು,
"ಊಟದ ಹೊತ್ತಿಗಾದರೂ ಬಾ" ಅನ್ನುತ್ತ.

ಹೋಗುವಾಗ ಬೋರಾ ಬಲಗಿವಿಗೆ.
ಶಿಳ್ಳೆ, ಹಾಯಿದೋಣಿಯ ಕಂಬಕ್ಕೆ ಬಡಿವ ತಂತಿ,
ಬಾರ್ಕೊಲಾದ ಪೈನು ಮರಗಳ ಜಗಳ,
ಎಲ್ಲ ಒಂದೇ ಕಿವಿಯಲ್ಲಿ ತುಂಬಿ
ಒಂಬತ್ತನೇ ಮೂಟೆ ಎಣಿಸಿದೆನೋ ಇಲ್ಲವೋ ಮರೆತೆ.
ಬಿಳಿ ಕೋಟೆಯ ಗೇಟಿನ ಮುಂದೆ ಹಳದಿ ಜಾಕೆಟ್ಟಿನ ಹುಡುಗ
ಪ್ಲಾಸ್ಟಿಕ್ಕಿನ ಕೋನನ್ನು ಅಪ್ಪಿ ನಿಂತಿದ್ದ,
ಹಾರಿಹೋಗದಂತೆ. ಕೋನೋ, ಅವನೋ.
ಅಲ್ಲಿ ತಿರುಗಿದೆ.

ತಿರುಗಿದರೆ, ಸದ್ದಿಲ್ಲ.

ಎಡಗಿವಿಯನ್ನು ಕ್ರೇನುಗಳಿಗೆ ಕೊಟ್ಟು ಹತ್ತು ವರ್ಷವಾಯಿತು.
ಈಗ ಗಾಳಿ ಆ ಕಡೆ. ಬಾಯಿ ತೆರೆಯುತ್ತದೆ, ಕೇಳಿಸದು;
ಭುಜ ಹಿಡಿದು ತಳ್ಳುತ್ತದೆ, ಮಾತಿಲ್ಲದ ಜಗಳದ ಹಾಗೆ.
(ಲಿವಿಯೊ ಜೊತೆ ಕೊನೆಯ ವರ್ಷ ಹೀಗೇ ಇತ್ತು. ಇರಲಿ.)
ಬಲಗಿವಿಗೆ ಸಮುದ್ರ ಬಂತು.
ಇಷ್ಟು ಹೊತ್ತೂ ಅಲ್ಲೇ ಇತ್ತಲ್ಲ, ದಂಡೆಯ ಕಲ್ಲಿಗೆ
ಬೆಕ್ಕು ಹಾಲು ನೆಕ್ಕುವ ಸದ್ದಿನಲ್ಲಿ.
ಬೋರಾ ಅಲೆಗಳನ್ನೆಲ್ಲ ಆಚೆಗಟ್ಟುತ್ತದೆ; ಈಚೆ ಉಳಿಯುವುದು
ಇಷ್ಟೇ.

ಹದಿನಾರರಲ್ಲಿ ನಂಬರು ಕಿತ್ತಿತು. ಮೂರು ಪಿನ್ನು ಒಟ್ಟಿಗೆ,
ನಾಲ್ಕನೆಯದು ಸ್ವಲ್ಪ ಯೋಚಿಸಿ.
ಕಡಲಿನ ಮೇಲೆ ಬೆಳ್ಳಗೆ ಹೋಯಿತು, ಹಕ್ಕಿಯೇನೂ ಆಗಲಿಲ್ಲ,
ಒದ್ದೆಯಾಗಿ ಮುಳುಗಿತು.
ಗೋಡೆಯ ಮರೆಯಲ್ಲಿ ಕಂಬಳಿ ಹೊದ್ದ ಒಂದೀನಾ
ಫ್ಲಾಸ್ಕು ಎತ್ತಿ ಏನೋ ಕೂಗಿದಳು, ಎಡಗಡೆಯಿಂದ.
ಒಳ್ಳೆಯದೇ ಇರಬೇಕು.

ಇಪ್ಪತ್ತು. ಇಪ್ಪತ್ತೊಂದು.
ಆಮೇಲೂ ಮುಗಿಯದ ತೊಂಬತ್ತೇಳೂವರೆ ಮೀಟರು,
ಮೂಟೆಯಿಂದ ಸೋರಿ ನೆಲಕ್ಕೆ ಬಿದ್ದ ಬೀಜದ ಹಾಗೆ
ಬಗ್ಗಿ ಬಗ್ಗಿ ಒಂದೊಂದೇ ಹೆಕ್ಕಬೇಕಾದದ್ದು.

"ನಿಮ್ಮ ನಂಬರು?" ಪಟ್ಟಿ ಹಿಡಿದ ಹುಡುಗಿ, ಮೂಗು ಕೆಂಪು.
ಇಲ್ಲ ಎಂದೆ. "ಹಾಗಾದರೆ ಬರೆದುಕೊಳ್ಳುವುದು ಹೇಗೆ?"
ಹರಿದು ಬಂದ ಮೂಟೆಗೆ ನಮ್ಮಲ್ಲೊಂದು ಬೇರೆ ಪುಟವಿತ್ತು,
ಕೆಂಪು ಶಾಯಿಯದು; ತೂಕ ಬರೆಯುತ್ತಿರಲಿಲ್ಲ,
ಬಂತು ಎಂದಷ್ಟೇ.
ಅವಳ ಪೆನ್ನು ಇಸಿದುಕೊಂಡೆ. ಚಳಿಗೆ ಶಾಯಿ ಹೆಪ್ಪುಗಟ್ಟಿತ್ತು.
ಬಾಯಿಯ ಹತ್ತಿರ ಹಿಡಿದು
ಊದುತ್ತ ನಿಂತೆ.